ಗೇಟಿನ ಕಡೆಯ ಸ್ಪೀಕರ್

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಕವಿತಾ ಮೊನ್ನೆ ಫೋನ್ ಮಾಡಿ, "ಸರ್, ಯೋಧರ ಸ್ಮರಣೆ ದಿನಕ್ಕೆ ಏನೇನು ಬೇಕು ಅಂತ ಒಂದು ಚೆಕ್‌ಲಿಸ್ಟ್ ಕಳ್ಸಿಬಿಡಿ, ತಲೆ ಕೆಟ್ಟೋಗಿದೆ" ಎಂದಳು. ಕಳಿಸಿದೆ. ಶಾಮಿಯಾನ, ಕುರ್ಚಿ, ಮೈಕು, ಪುಷ್ಪಚಕ್ರ, ಬ್ಯೂಗಲ್‌ನವರಿಗೆ ಪತ್ರ, ಕುಡಿಯುವ ನೀರು, ಉಪ್ಪಿಟ್ಟು, ಕೇಸರಿಬಾತು. ಎಲ್ಲ ಸೇರಿ ಒಂದೂವರೆ ಪುಟ. ಅದನ್ನು ಕೈಯಲ್ಲಿ ಹಿಡಿದುಕೊಂಡರೆ ಯಾರು ಬೇಕಾದರೂ ಕಾರ್ಯಕ್ರಮ ಮುಗಿಸಿ, ಫೋಟೊ ತೆಗೆಸಿಕೊಂಡು ಮನೆಗೆ ಹೋಗಬಹುದು. ಆದರೆ ಆ ಪಟ್ಟಿಯ ನಡುವೆ ಎಲ್ಲೋ ಒಂದು ಕಡೆ 'ಹೆಸರು ಓದುವುದು' ಎಂದಷ್ಟೇ ಬರೆದಿದ್ದೇನೆ. ಆ ಎರಡು ಪದದ ಹಿಂದೆ ನನ್ನ ಇಡೀ ಸರ್ವಿಸು ಇದೆ. ಕವಿತಾಳಿಗೂ ಅವಳ ನಂತರ ಬರುವವರಿಗೂ ಅದನ್ನು ಹೇಳಿಬಿಡೋಣ ಎಂದು ಕೂತಿದ್ದೇನೆ. ಪ್ರಮೋಷನ್ನು, ಇನ್‌ಕ್ರಿಮೆಂಟುಗಳ ವಿಷಯ ಇಲ್ಲಿಲ್ಲ. ಸಿಕ್ಕಿದ್ದೂ ಅಷ್ಟಕ್ಕಷ್ಟೆ.

ಚಾಮರಾಜನಗರದಲ್ಲಿ ಮಾಜಿ ಸೈನಿಕರ ಮತ್ತು ಅವರ ಮನೆಯವರ ಕಾಗದಪತ್ರ ನೋಡಿಕೊಳ್ಳುವ ಒಂದು ಸಣ್ಣ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ನಾನು ಸೈನಿಕನಲ್ಲ. ಶಾಲೆಯಲ್ಲಿ ಎನ್‌ಸಿಸಿಗೂ ಸೇರಿದವನಲ್ಲ. ಬಂದೂಕು ಹಿಡಿದದ್ದು ದೀಪಾವಳಿಯಲ್ಲಿ ಮಾತ್ರ. ಆದರೂ ಇಪ್ಪತ್ತಕ್ಕೂ ಹೆಚ್ಚು ವರ್ಷ, ಯುದ್ಧದಲ್ಲಿ ಮಡಿದವರ ಹೆಸರನ್ನು ಇಡೀ ಜಿಲ್ಲೆಯ ಮುಂದೆ ಓದುವ ಕೆಲಸ ನನ್ನದಾಗಿತ್ತು. ಕಾರಣ ನನ್ನ ಗಂಟಲು. ನಮ್ಮಪ್ಪ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುತ್ತಿದ್ದವರು. "ಗುಂಡ್ಲುಪೇಟೆ, ಗುಂಡ್ಲುಪೇಟೆ" ಎಂದು ಅವರು ಒಮ್ಮೆ ಕೂಗಿದರೆ ಸಂತೆಯ ಆ ತುದಿಯಲ್ಲಿ ಟೊಮೆಟೊ ಆರಿಸುತ್ತಿದ್ದವನೂ ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದ. ಆಸ್ತಿ ಎಂದು ಅವರು ನನಗೆ ಬಿಟ್ಟುಹೋದದ್ದು ಆ ಗಂಟಲೊಂದೇ. ಅದರಲ್ಲಿ ಮೋಸವಿಲ್ಲ.

ನಮ್ಮ ಮೊದಲ ಅಧಿಕಾರಿ ಕೊಡಗಿನ ಕಡೆಯ ನಿವೃತ್ತ ಮೇಜರ್. ಮೀಸೆ, ನಡಿಗೆ, ಮಾತು ಎಲ್ಲವೂ ಇಸ್ತ್ರಿ ಹಾಕಿದ್ದೇ. ಮೊದಲ ಸಲ ನಾನು ಹೆಸರು ಓದಿದ್ದನ್ನು ಕೇಳಿ ಅವರು ಕಚೇರಿಗೆ ಕರೆದು ಬಾಗಿಲು ಹಾಕಿದರು. "ಪುಟ್ಟಸ್ವಾಮಿ, ಇದು ಬಸ್ ಸ್ಟ್ಯಾಂಡ್ ಅಲ್ಲ. ಒಂದೊಂದು ಹೆಸರೂ ಒಬ್ಬ ಮನುಷ್ಯ. ನೀನು ಕರೆದ ಮೇಲೆ ಅವನು ಎದ್ದು, ನಡೆದು ಬಂದು, ನಿನ್ನ ಮುಂದೆ ನಿಲ್ಲುವಷ್ಟು ಹೊತ್ತು ಕೊಡು. ಆಮೇಲೆ ಇನ್ನೊಬ್ಬನನ್ನು ಕರೆ" ಎಂದರು. ನಾನು ಮನೆಗೆ ಹೋಗಿ ಅಭ್ಯಾಸ ಶುರು ಮಾಡಿದೆ. ಹೆಂಡತಿ ಸರೋಜ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದಳು. "ರೇಷನ್ ಅಂಗ್ಡಿಯೋನು ಕಾರ್ಡ್ ನಂಬರ್ ಕೂಗ್ದಂಗದೆ" ಎಂದು ಮೊದಲ ದಿನ ನಕ್ಕಳು. ಹತ್ತನೇ ದಿನವೋ ಏನೋ, ಓದಿ ಮುಗಿಸಿ ತಿರುಗಿ ನೋಡಿದರೆ ಕಾಯಿ ಸುಲಿಯುವ ಕೈ ನಿಂತಿತ್ತು. ಕಲಿತೆ ಎಂದು ಅವತ್ತು ಗೊತ್ತಾಯಿತು.

ಆ ಕಾಲದ ಕಾರ್ಯಕ್ರಮಗಳನ್ನು ಈಗಿನವರು ನೋಡಿದರೆ ನಗಬಹುದು. ಪುಷ್ಪಚಕ್ರ ಅಂದರೆ ಏನೆಂದು ನಮ್ಮೂರಿನ ಹೂವಿನವರಿಗೆ ಗೊತ್ತಿರಲಿಲ್ಲ. ಮದುವೆ ಹಾರ, ದೇವರ ಹಾರ, ಹೆಣದ ಹಾರ, ಇಷ್ಟೇ ಅವರ ಲೆಕ್ಕ. ಕೊನೆಗೆ ನಾನೇ ಒಂದು ಹಳೇ ಸೈಕಲ್ ಟೈರು ಒಯ್ದು ಕೊಟ್ಟು, ಅದಕ್ಕೆ ಗುಂಡ್ಲುಪೇಟೆ ಹೊಲದ ಚೆಂಡುಹೂವು ಸುತ್ತಿಸಿದೆ. ಚೆನ್ನಾಗಿಯೇ ಬಂತು. ಮೇಜರ್ ಸಾಹೇಬರು ಅದನ್ನು ಸ್ಮಾರಕದ ಮುಂದಿಟ್ಟು ಸೆಲ್ಯೂಟ್ ಹೊಡೆಯುವಾಗ ಒಂದು ಕಡೆ ಹೂವು ಜಾರಿ ಟೈರಿನ ಕಂಪನಿ ಹೆಸರು ಕಾಣಿಸಿತು. ಅವರು ಕಣ್ಣು ಮಿಟುಕಿಸಲಿಲ್ಲ. ಸಂಜೆ ಮಾತ್ರ, "ಮುಂದಿನ ಸಲ ಟೈರನ್ನು ಒಳಮುಖ ತಿರುಗಿಸು" ಎಂದರು.

ಬ್ಯೂಗಲ್ ವಿಷಯದಲ್ಲಿ ಇನ್ನೊಂದು ಅವಾಂತರ. ಪೊಲೀಸ್ ಬ್ಯಾಂಡಿನವರು ಬರುವುದು ವಾಡಿಕೆ. ಒಂದು ವರ್ಷ ಅವರಿಗೆ ಬೇರೆ ಬಂದೋಬಸ್ತು ಬಿತ್ತು. ಆಗಿನ ಹೊಸ ಅಧಿಕಾರಿ, "ಮೊಬೈಲಲ್ಲಿ ಸಿಗುತ್ತೆ, ಮೈಕಿಗೆ ಹಿಡಿದರೆ ಆಯ್ತು" ಎಂದರು. ಹಿಡಿದೆವು. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ ಬ್ಯೂಗಲ್‌ಗಿಂತ ಮೊದಲು ಬನಿಯನ್ ಜಾಹೀರಾತು ಬಂತು. ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅದಕ್ಕೇ ಕವಿತಾ, ಪಟ್ಟಿಯಲ್ಲಿ 'ಬ್ಯೂಗಲ್‌ನವರಿಗೆ ಪತ್ರ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಪತ್ರ ಕೊಟ್ಟು ಬಂದರೆ ಸಾಲದು, ಹಿಂದಿನ ದಿನ ಹೋಗಿ ಆ ಮನುಷ್ಯನ ಮುಖ ನೋಡಿಕೊಂಡು ಬಾ.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ಗುಂಡ್ಲುಪೇಟೆಯಲ್ಲಿ ಮಾಜಿ ಸೈನಿಕರು ಸೇರಿ ಒಂದು ಸ್ಮರಣೆ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಮಡಿದವರ ಹೆಸರು ಓದಲು ನನ್ನನ್ನು ಕರೆಸಿದರು. ಓದಿದ ಮೇಲೆ ಕೆಲವು ಹಿರಿಯ ಸೈನಿಕರಿಗೆ ಸನ್ಮಾನವಿತ್ತು. ಎರಡು ಪಟ್ಟಿಯನ್ನೂ ಯಾರೋ ಒಂದೇ ಪಿನ್ನಿಗೆ ಚುಚ್ಚಿ ಕೊಟ್ಟಿದ್ದರು. ನಾನು ನನ್ನ ಓದಿನ ಗುಂಗಿನಲ್ಲಿ ಪುಟ ತಿರುಗಿಸಿ, ಸನ್ಮಾನದ ಪಟ್ಟಿಯ ಮೊದಲ ಹೆಸರನ್ನೂ ಅದೇ ಗಂಭೀರ ದನಿಯಲ್ಲಿ ಓದಿಬಿಟ್ಟೆ. ಸಾಹೇಬರು ಕಲಿಸಿದ ಹಾಗೆ, ಆ ಮನುಷ್ಯ ಎದ್ದು ಬರುವಷ್ಟು ಹೊತ್ತೂ ಕೊಟ್ಟೆ. ಆ ಮನುಷ್ಯ ನಿಜವಾಗಿಯೇ ಎದ್ದರು. ಎರಡನೇ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಸುಬೇದಾರರು. "ನಾನಿನ್ನೂ ಇವ್ನಿ ಕಣಪ್ಪೋ" ಎಂದರು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಬೇದಾರರೂ ನಕ್ಕು, "ಆಯಸ್ಸು ಜಾಸ್ತಿ ಆಯ್ತು ಬುಡು" ಎಂದು ನನ್ನ ಬೆನ್ನು ತಟ್ಟಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆ ಸಭೆಯಲ್ಲಿ ನಗದೆ ಕೂತಿದ್ದ ಒಬ್ಬ ಹೆಂಗಸಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

ಅವಳ ಹೆಸರು ನಂಜಮ್ಮಣ್ಣಿ. ಹಂಗಳದವಳು. ಮಗ ಲಾನ್ಸ್ ನಾಯಕ್ ಮಹದೇವಸ್ವಾಮಿ ಗಡಿಯ ಯುದ್ಧದಲ್ಲಿ ಬೆಟ್ಟ ಹತ್ತಿದವನು ಇಳಿದು ಬರಲಿಲ್ಲ. ದೇಹವೂ ಸಿಗಲಿಲ್ಲ. ಮೊದಲು 'ಕಾಣೆಯಾಗಿದ್ದಾರೆ' ಎಂದು ಕಾಗದ ಬಂತು. ಕೆಲವು ವರ್ಷ ಕಳೆದ ಮೇಲೆ 'ಮಡಿದಿದ್ದಾರೆಂದು ಭಾವಿಸಲಾಗಿದೆ' ಎಂದು ಇನ್ನೊಂದು ಕಾಗದ ಬಂತು. ಆ ಎರಡನೇ ಕಾಗದ ಬಂದ ವರ್ಷ, ನಮ್ಮೂರ ಕರಿಕಲ್ಲಿನ ಸ್ಮಾರಕದಲ್ಲಿ ಅವನ ಹೆಸರನ್ನು ಕೆತ್ತಿಸಿದೆವು. ನನ್ನ ಪಟ್ಟಿಗೂ ಆ ಹೆಸರು ಸೇರಿತು.

ಆ ವರ್ಷದ ಕಾರ್ಯಕ್ರಮದ ಹಿಂದಿನ ದಿನ ಅವಳು ಮೊದಲ ಬಸ್ಸು ಹಿಡಿದು ಕಚೇರಿಗೆ ಬಂದಳು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಒಂದು ಬಟ್ಟೆ ಚೀಲ. "ನೀವೇ ಅಲ್ವಾ ಸ್ವಾಮಿ, ಎಸ್ರು ಓದೋರು?"

"ಹೌದು ಕಣಮ್ಮ, ಕೂತ್ಕಳಿ."

"ಕೂರಾಕ್ ಬಂದಿಲ್ಲ. ನಾಳೀಕೆ ನನ್ ಮಗನ ಎಸ್ರು ಓದ್ಬ್ಯಾಡಿ ಅಂತ ಏಳಾಕ್ ಬಂದೆ. ಮಾದೇವಸ್ವಾಮಿ, ಅಂಗಳ."

ಅಂಥ ಮಾತು ನಾನು ಅದುವರೆಗೆ ಕೇಳಿರಲಿಲ್ಲ. ಮಗನ ಹೆಸರು ಬಿಟ್ಟುಹೋಗಿದೆ, ಸೇರಿಸಿ ಎಂದು ಜಗಳಕ್ಕೆ ಬರುವವರೇ ಎಲ್ಲರೂ. "ಯಾಕಮ್ಮ?" ಎಂದೆ.

"ಅವ್ನು ಸತ್ತವ್ನೆ ಅಂತ ಯಾರ್ ಏಳ್ದೋರು ನಿಮ್ಗೆ? ಎಣ ತಂದ್ರಾ? ಕಣ್ಣಲ್ ಕಂಡ್ರಾ?"

"ಕಾಗದ ಬಂದಿದೆಯಲ್ಲಮ್ಮ, ಮೇಲಿಂದ."

"ಗುಂಡ್ಲುಪ್ಯಾಟೇಲಿ ಆ ಸುಬೇದಾರಪ್ಪನ ಎಸ್ರೂ ಕಾಗ್ದದಲ್ಲೇ ತಾನೆ ಇದ್ದುದ್ದು? ನೀವೇ ತಾನೆ ಓದುದ್ದು? ನಾನೂ ಅಲ್ಲೇ ಕುಂತಿದ್ದೆ ಸ್ವಾಮಿ. ಎದ್ ನಿಂತ್ಕಂಡು ಮಾತಾಡ್ನಲ್ಲ ಆಯಪ್ಪ. ನನ್ ಮಗಂದೂ ಅಂಗೇ ತೆಪ್ಪಾಗಿರ್ಬೌದಲ್ಲ?"

ಎಲ್ಲರೂ ನಕ್ಕು ಮರೆತಿದ್ದ ನನ್ನ ತಪ್ಪನ್ನು ಈ ತಾಯಿ ಎದೆಯಲ್ಲಿ ಇಟ್ಟುಕೊಂಡಿದ್ದಳು. ಸತ್ತವರ ಸಾಲಿನಲ್ಲಿ ಹೆಸರು ಓದಿಸಿಕೊಂಡವನೂ ಎದ್ದು ನಿಲ್ಲಬಹುದು ಎಂದು ಅವಳಿಗೆ ಆಸೆ ಹುಟ್ಟಿಸಿದವನು ನಾನೇ.

ಹೊರಡುವಾಗ ಅವಳು ಇನ್ನೊಂದು ಮಾತು ಹೇಳಿದಳು. "ಮಾರ್ಲಾಮೀಲಿ ನಮ್ಮತ್ತೆ ಮಾವಂಗೆ, ನನ್ ಯಜಮಾನ್ರಿಗೆ ಎಡೆ ಇಕ್ತೀನಿ. ಇವ್ನಿಗೆ ಇಕ್ಕಿಲ್ಲ. ಇಕ್ಕೋದೂ ಇಲ್ಲ." ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಾರ್ಲಾಮಿಗೆ, ಎಂದರೆ ಮಹಾಲಯ ಅಮಾವಾಸ್ಯೆಯ ಸುಮಾರಿಗೆ, ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆ ಎಲೆಯಲ್ಲಿ ಬಡಿಸುತ್ತೇವೆ. ಅದೇ ಎಡೆ. ಹೆಸರು ಹಿಡಿದು ಕರೆದು, ಬಾಗಿಲು ಮುಂದಕ್ಕೆಳೆದು, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ಸದ್ದಿಲ್ಲದೆ ನಿಲ್ಲುತ್ತೇವೆ. ಬಂದವರು ಉಂಡು ಹೋಗಲಿ ಎಂದು. ಎಡೆ ಇಡದೆ ಇರುವುದು ಅಂದರೆ ಅವನು ಬದುಕಿದ್ದಾನೆ ಎಂದು ವರ್ಷಕ್ಕೊಮ್ಮೆ ಹಟದಿಂದ ಹೇಳುವುದು.

ಆ ವರ್ಷ ಮೇಜರ್ ಸಾಹೇಬರಿಗೆ ಪಕ್ಕದ ಜಿಲ್ಲೆಯ ಹೆಚ್ಚುವರಿ ಹೊಣೆ ಇತ್ತು. ಕಾರ್ಯಕ್ರಮದ ದಿನ ಅವರು ಅಲ್ಲಿಗೆ ಹೋಗಿದ್ದರು. ನಾನು ಮಹದೇವಸ್ವಾಮಿಯ ಹೆಸರು ಬಂದ ಕಡೆ ಉಸಿರು ತೆಗೆದುಕೊಂಡು ಮುಂದಿನ ಹೆಸರಿಗೆ ಹೋದೆ. ಮೂರನೇ ಸಾಲಿನಲ್ಲಿ ಒಬ್ಬಳೇ ಕೂತಿದ್ದ ನಂಜಮ್ಮಣ್ಣಿ ಕೈ ಮುಗಿದಳು. ಒಬ್ಬ ತಾಯಿಯ ಮನಸ್ಸು ಉಳಿಸಿದೆ ಎಂದು ನಾನು ಎದೆ ಸೆಟೆಸಿಕೊಂಡು ಮನೆಗೆ ಹೋದೆ. ಸರೋಜಳಿಗೂ ಹೇಳಿದೆ. ಅವಳು ಮಾತು ಮುಗಿಯುವ ಮೊದಲೇ ಎದ್ದು ಪಾತ್ರೆ ತೊಳೆಯಲು ಹೋದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮರುವರ್ಷವೂ ಸಾಹೇಬರು ಪಕ್ಕದ ಜಿಲ್ಲೆಯಲ್ಲೇ ಇದ್ದರು, ಹಾಗೇ ಬಿಟ್ಟೆ. ಕಾರ್ಯಕ್ರಮ ಮುಗಿದು ಉಪ್ಪಿಟ್ಟಿನ ಸಾಲು ನಿಂತಿತ್ತು. ಹತ್ತು ವರ್ಷದ ಒಂದು ಹೆಣ್ಣುಮಗು ಶಾಲೆಯ ಯೂನಿಫಾರಂನಲ್ಲಿ, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು, ನನ್ನ ಎದುರು ಬಂದು ನಿಂತಿತು. ಕೈಯಲ್ಲಿ ನೋಟ್‌ಬುಕ್ಕು. ಕಾರ್ಯಕ್ರಮಕ್ಕೆ ಮೊದಲೇ ಕಲ್ಲಿನ ಮೇಲಿದ್ದ ಎಲ್ಲ ಹೆಸರನ್ನೂ ಗುಂಡು ಅಕ್ಷರದಲ್ಲಿ ಬರೆದುಕೊಂಡಿತ್ತು. ನಾನು ಓದಿದ ಹಾಗೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿತ್ತು. ಒಂದೇ ಒಂದು ಹೆಸರಿನ ಮುಂದೆ ಗುರುತಿರಲಿಲ್ಲ.

"ಸಾರ್, ನಮ್ಮಪ್ಪನ ಹೆಸರು ಓದ್ಲೇ ಇಲ್ಲ" ಎಂದಿತು.

ಅದರ ಹಿಂದೆ ತಾಯಿ ಗೌರಮ್ಮ ನಿಂತಿದ್ದಳು. ಮಹದೇವಸ್ವಾಮಿಯ ಹೆಂಡತಿ. ಅಂಗನವಾಡಿಯಲ್ಲಿ ಕೆಲಸ. ಹೋದ ವರ್ಷ ರಜೆ ಸಿಗದೆ ಅವಳು ಬಂದಿರಲಿಲ್ಲ. ಅವಳು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಇವ್ಳು ಕೈಕೂಸಾಗಿದ್ದಾಗ ಯುದ್ಧಕ್ಕೆ ಓದ್ರು ಸಾರ್ ಅವ್ರು. ಅಪ್ಪ ಅಂದ್ರೆ ಇವ್ಳಿಗೆ ಒಂದ್ ಫೋಟೊ, ಒಂದ್ ಎಸ್ರು, ಅಷ್ಟೇಯ. ನಿಮ್ಮಪ್ಪನ ಎಸ್ರು ಓದ್ದಾಗ ಡೀಸಿ ಸಾಹೇಬ್ರೂ ಎದ್ ನಿಂತಿರ್ತಾರೆ ನೋಡು ಅಂತ ಕರ್ಕಬಂದೆ. ಅತ್ತೆ ಬಂದು ಬ್ಯಾಡ ಅಂದ್ರಂತೆ, ನೀವು ಬುಟ್ಬುಟ್ರಂತೆ. ಅತ್ತೆಗೊಂದು ನ್ಯಾಯ, ನನ್ ಮಗೀಗೊಂದು ನ್ಯಾಯವಾ?"

ಅಜ್ಜಿ ದೂರದಲ್ಲಿ ಎಲೆಯಡಿಕೆ ಚೀಲ ಹಿಡಿದು ಬೇರೆ ಕಡೆ ನೋಡುತ್ತಿದ್ದಳು. ಒಬ್ಬಳ ಮನಸ್ಸು ಉಳಿಸಲು ಹೋಗಿ ಇನ್ನೊಬ್ಬಳ ಅಪ್ಪನನ್ನು ಅಳಿಸಿದ್ದೆ. ನನಗೆ ನಾಚಿಕೆಯಾಯಿತು, ಈಗ ಬರೆಯುವಾಗಲೂ ಆಗುತ್ತಿದೆ.

ಸಾಹೇಬರಿಗೆ ನಾನೇ ಹೇಳಿದೆ. ಮೆಮೊ ಕೊಡುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಒಬ್ಬ ಸೈನಿಕನಿಗೆ ಆಬ್ಸೆಂಟ್ ಹಾಕಿದೆ, ಪುಟ್ಟಸ್ವಾಮಿ. ತನ್ನ ಜಾಗ ಬಿಟ್ಟು ಕದಲದೆ ಇದ್ದವನಿಗೆ" ಎಂದರು. ಮೆಮೊ ಎಷ್ಟೋ ವಾಸಿ. "ಅವರ ಮನೆಗೆ ಹೋಗು. ಮೊದಲು ಆ ಮಗುವಿನ ಹತ್ತಿರ ಮಾತಾಡು. ಆಮೇಲೆ ದೊಡ್ಡವರ ಹತ್ತಿರ" ಎಂದು ಕಳಿಸಿದರು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಹಂಗಳದಲ್ಲಿ ಇಳಿದೆ. ಗೋಪಾಲಸ್ವಾಮಿ ಬೆಟ್ಟ ಮೋಡದೊಳಗೆ ಅರ್ಧ ಮುಳುಗಿತ್ತು. ಮನೆಯ ಜಗುಲಿಯಲ್ಲಿ ಆ ಮಗು, ಚೈತ್ರ, ಕಾಪಿ ಬರೆಯುತ್ತ ಕೂತಿತ್ತು. ನಾನು ಅದರ ಎದುರು ಕುಕ್ಕರಗಾಲಲ್ಲಿ ಕೂತು, "ತಪ್ಪಾಯ್ತು ಕಣಮ್ಮಿ. ಮುಂದಿನ ವರ್ಷದಿಂದ ನಿಮ್ಮಪ್ಪನ ಹೆಸರು ಒಂದು ಸಲವೂ ಬಿಡೋದಿಲ್ಲ" ಎಂದೆ. ಅದು ನೋಟ್‌ಬುಕ್ಕು ತಂದು, "ಇಲ್ಲಿ ಸೈನ್ ಮಾಡಿ" ಎಂದಿತು. ಮಾಡಿದೆ. ನನ್ನ ಸರ್ವಿಸಿನಲ್ಲಿ ಅಷ್ಟು ಹೆದರಿ ಯಾವ ಕಡತಕ್ಕೂ ಸಹಿ ಹಾಕಿಲ್ಲ.

ಒಳಗೆ ನಂಜಮ್ಮಣ್ಣಿ ನನಗೆ ಊಟಕ್ಕಿಟ್ಟಳು. ಗೋಡೆಯ ಗೂಡಿನಲ್ಲಿ ಸ್ಟೀಲ್ ತಟ್ಟೆಗಳು ನಿಂತಿದ್ದವು. ಒಂದರ ಅಂಚಿನಲ್ಲಿ ಮಹದೇವಸ್ವಾಮಿ ಎಂದು ಚುಕ್ಕಿ ಚುಕ್ಕಿಯಾಗಿ ಕೊರೆಸಿತ್ತು. ಅದನ್ನು ಯಾರೂ ಬಳಸುವುದಿಲ್ಲ, ಆದರೂ ದಿನಾ ಮಿಕ್ಕವುಗಳ ಜೊತೆ ತೊಳೆದಿಡುತ್ತಾರೆ ಎಂದು ಗೌರಮ್ಮ ಮೆಲ್ಲಗೆ ಹೇಳಿದಳು. ನಾನು ಮುದ್ದೆ ಮುರಿಯುತ್ತ, "ಅಮ್ಮ, ಹೆಸರು ಓದಲೇಬೇಕು. ಮಗೂಗೆ ಮಾತು ಕೊಟ್ಟಿದ್ದೀನಿ" ಎಂದೆ.

ಅವಳು ಬಹಳ ಹೊತ್ತು ಸಾರಿನ ಪಾತ್ರೆಯಲ್ಲೇ ಸೌಟು ಆಡಿಸಿದಳು. "ಓದ್ಕಳಿ. ಅವ್ಳಪ್ಪ ಅವ್ನು, ಅವ್ಳಿಗ್ ಬೇಕು. ನನ್ ಕಿವೀಗ್ ಬೀಳ್ಬಾರ್ದು, ಅಷ್ಟೇಯ."

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಒಂದು ಏರ್ಪಾಟು ನಡೆಯಿತು. ಯಾವ ಕಡತದಲ್ಲೂ ಅದಿಲ್ಲ. ಅಜ್ಜಿ, ಸೊಸೆ, ಮೊಮ್ಮಗಳು ಒಂದೇ ಬಸ್ಸಿನಲ್ಲಿ ಬರುವರು. ಹೆಸರು ಓದಲು ನಾನು ಮೈಕಿನ ಮುಂದೆ ಹೋಗುತ್ತಿದ್ದ ಹಾಗೆ ನಂಜಮ್ಮಣ್ಣಿ ಎದ್ದು, ಗೇಟು ದಾಟಿ, ಟೀ ಅಂಗಡಿ ಪಕ್ಕದ ಹೊಂಗೆ ಮರದ ಕೆಳಗೆ ಕೂರುವಳು. ಮೈಕ್ ಸೆಟ್ಟಿನ ಬಾಬುವಿಗೆ ನಾನು ಮೊದಲೇ ಹೇಳಿರುತ್ತಿದ್ದೆ. ನಾನು ಎಡಗೈ ಎತ್ತಿದರೆ ಅವನು ಗೇಟಿನ ಕಡೆಯ ಸ್ಪೀಕರ್ ಬಂದ್ ಮಾಡಬೇಕು. ಆ ಒಂದು ಹೆಸರನ್ನು ಮಾತ್ರ ನಾನು ಶಾಮಿಯಾನದೊಳಗೆ ಕೇಳಿಸುವಷ್ಟು ತಗ್ಗಿಸಿ ಓದುತ್ತಿದ್ದೆ. ಚೈತ್ರ ಎದ್ದು ನಿಲ್ಲುವಳು. ಬಲಗೈ ಎತ್ತಿದರೆ ಸ್ಪೀಕರ್ ಮತ್ತೆ ಚಾಲೂ. ಉಪ್ಪಿಟ್ಟಿನ ಹೊತ್ತಿಗೆ ಅಜ್ಜಿ ಒಳಗೆ ಬರುವಳು.

ಒಂದು ಸಲ ನಾನು ಮೈಮರೆತು ದನಿ ಏರಿಸಿದೆನೋ ಏನೋ, ಬಂದು ಬೈದಳು. "ನಿಮ್ ಗಂಟ್ಲಿಗೆ ಮೈಕ್ ಬ್ಯಾರೆ ಕೇಡು!"

ಮೇಜರ್ ಸಾಹೇಬರು ಊರಿಗೆ ಹೋದರು. ಬೇರೆ ಬೇರೆಯವರು ಬಂದರು. ಒಬ್ಬ ಯುವ ಅಧಿಕಾರಿ, ಹೆಸರು ಓದುವ ಬದಲು ದೊಡ್ಡ ಎಲ್‌ಇಡಿ ಪರದೆಯಲ್ಲಿ ಓಡಿಸೋಣ, ಟೈಮ್ ಉಳಿಯುತ್ತೆ ಎಂದರು. "ಸರ್, ಮುಂದಿನ ಸಾಲಿನಲ್ಲಿ ಕೂತ ತಾಯಂದಿರಲ್ಲಿ ಓದಲು ಬರುವವರು ಎಷ್ಟು ಜನ? ಬಂದರೂ ಕನ್ನಡಕ ತಂದಿರುವವರು ಎಷ್ಟು ಜನ?" ಎಂದೆ. ಪರದೆ ಬಂತು, ಅದರಲ್ಲಿ ಬಾವುಟ ಹಾರಿತು, ಹೆಸರನ್ನು ಮಾತ್ರ ನಾನೇ ಓದಿದೆ. ಈ ವಿಷಯದಲ್ಲಿ ನಾನು ಯಾರಿಗೂ ಸೋತವನಲ್ಲ. ಕವಿತಾ, ನೀನೂ ಸೋಲಬೇಡ.

ಹೀಗೆ ನನ್ನ ಕೊನೆಯ ವರ್ಷ ಬಂತು. ಬೆಳಿಗ್ಗೆಯಿಂದ ಸಣ್ಣಗೆ ಸೋನೆ. ಸೈಕಲ್ ಟೈರಿನ ಕಾಲ ಹೋಗಿ ಮೈಸೂರಿನಿಂದ ತಯಾರಾದ ಪುಷ್ಪಚಕ್ರಗಳು ಬಂದಿದ್ದವು. ಬ್ಯೂಗಲ್‌ನವನ ಮುಖ ನಾನು ಹಿಂದಿನ ದಿನವೇ ನೋಡಿಕೊಂಡು ಬಂದಿದ್ದೆ. ಅಷ್ಟರಲ್ಲಿ ಗೇಟಿನ ಹತ್ತಿರ ಗಲಾಟೆ ಕೇಳಿಸಿತು. ಪೊಲೀಸಿನವನು, "ಊಟದ ಡಬ್ಬಿ ಒಳಗೆ ಬಿಡಲ್ಲ ಕಣಜ್ಜಿ" ಎನ್ನುತ್ತಿದ್ದ. ನಂಜಮ್ಮಣ್ಣಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಬೆನ್ನು ಪೂರ್ತಿ ಬಾಗಿತ್ತು. ಪಕ್ಕದಲ್ಲಿ ಚೈತ್ರ ಖಾಕಿ ಉಡುಪಿನಲ್ಲಿದ್ದಳು. ಬಂಡೀಪುರದಲ್ಲಿ ಅರಣ್ಯ ರಕ್ಷಕಿಯಾಗಿ ಸೇರಿ ಆಗ ಕೆಲವೇ ತಿಂಗಳು. ಅವಳ ಕೈಯಲ್ಲಿ ಸುರುಳಿ ಸುತ್ತಿದ ಬಾಳೆ ಎಲೆ ಇತ್ತು.

ಬಾಳೆ ಎಲೆ ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಏನಮ್ಮ ಇದು?" ಎಂದೆ. ಗೊತ್ತಿದ್ದೂ ಕೇಳಿದೆ.

"ಎಡೆ ಕಣಪ್ಪ. ಮಾದೇವಂಗೆ." ಮೊದಲ ಸಲ ನನ್ನನ್ನು ಸ್ವಾಮಿ ಎನ್ನದೆ ಅಪ್ಪ ಎಂದಿದ್ದಳು. "ಇವ್ಳು ಕಾಡ್ನಲ್ಲಿ ಕ್ವಾಟ್ರಸ್ಸಿಗೆ ಓದ್ಲು. ಅವಳಪ್ಪನ ತಟ್ಟೆ ಕೊಟ್ಬುಟ್ಟೆ, ಉಣ್ಕಳವ್ವ ಅಂತ. ಗೂಡು ಬರೀದಾಯ್ತು. ಅವತ್ತಿಂದ ಒಂದೇ ಯೋಚ್ನೆ ಹತ್ಕಂತು ಕಣಪ್ಪ. ಅವ್ನು ಬದ್ಕಿದ್ರೆ ಎಲ್ಲೋ ಯಾರೋ ಇಕ್ತಾರೆ, ಉಂಡ್ಕತಾನೆ. ಸತ್ತಿದ್ರೆ? ನಾನ್ ಇಕ್ಕುದ್ರೆ ತಾನೆ ಅವ್ನಿಗೆ ಊಟ? ಇಷ್ಟೊರ್ಷ ನನ್ ಅಟಕ್ಕೆ ನನ್ ಮಗ ಅಸ್ಕೊಂಡಿದ್ರೆ?"

ಚೈತ್ರ ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ನಮ್ಮ ಅಧಿಕಾರಿ ಓಡಿ ಬಂದರು. "ಪುಟ್ಟಸ್ವಾಮಿ, ಗೆಸ್ಟ್ ಬರುವ ಹೊತ್ತಾಯ್ತು. ಸ್ಮಾರಕದ ಕಟ್ಟೆ ಮೇಲೆ ಪುಷ್ಪಚಕ್ರ ಬಿಟ್ಟು ಬೇರೇನೂ ಇಡುವ ಹಾಗಿಲ್ಲ, ಪ್ರೋಟೋಕಾಲ್ ಗೊತ್ತಲ್ಲ?" ಎಂದರು. ಒಳ್ಳೆಯವರೇ, ಅವರಿಗೂ ಅವರ ಭಯ. ನಾನು ಹೇಳಿದೆ, "ಸರ್, ಈ ಪ್ರೋಟೋಕಾಲ್ ಬರೆದು ಟೈಪ್ ಮಾಡಿಸಿದವನು ನಾನೇ. ಅದರಲ್ಲಿ ಊಟ ಇಡಬಾರದು ಅಂತ ಎಲ್ಲೂ ಬರೆದಿಲ್ಲ. ಬರೆಯುವುದಿದ್ದರೆ ನಾಳೆ ಬರೆಯಿರಿ, ನಾನು ಇರೋದಿಲ್ಲ." ಅವರು ನನ್ನ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು. ಪೊಲೀಸಿನವನಿಗೆ, "ಬಿಡಪ್ಪ" ಎಂದರು.

ಪುಷ್ಪಚಕ್ರಗಳೆಲ್ಲ ಅರ್ಪಣೆಯಾದ ಮೇಲೆ ನಂಜಮ್ಮಣ್ಣಿ ಮೊಮ್ಮಗಳ ಕೈ ಹಿಡಿದು ಕಟ್ಟೆ ಹತ್ತಿದಳು. ಚೈತ್ರ ಎಲೆ ಹಾಸಿದಳು. ಅಜ್ಜಿ ಬಡಿಸಿದಳು. ಒಬ್ಬಟ್ಟು, ಅನ್ನದ ಪಾಯಸ, ಒಂದು ಮುದ್ದೆ, ಹುರುಳಿ ಸಾರು. ಕೊನೆಗೆ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಪೊಟ್ಟಣ ತೆಗೆದು, ಎರಡು ಹುರಿದ ಒಣಮೆಣಸಿನಕಾಯಿ ಎಲೆಯ ಮೂಲೆಗಿಟ್ಟಳು. ಅದಿಲ್ಲದೆ ಅವನು ಊಟಕ್ಕೆ ಏಳುತ್ತಿರಲಿಲ್ಲವಂತೆ. ದೊಡ್ಡ ದೊಡ್ಡ ಅಧಿಕಾರಿಗಳು ನೆನೆಯುತ್ತ ನಿಂತಿದ್ದರು.

ಅವಳು ನನ್ನ ಕಡೆ ತಿರುಗಿದಳು. "ಎಸ್ರು ಕೂಗಪ್ಪ. ಊಟಕ್ಕೆ ಕರೀಬೇಕಲ್ಲ."

ನಾನು ಮೈಕಿನ ಮುಂದೆ ಹೋದೆ. ಬಾಬು ಅಭ್ಯಾಸಬಲದಿಂದ ನನ್ನ ಎಡಗೈಗೆ ಕಾದು ನೋಡುತ್ತಿದ್ದ. ನಾನು ಬಲಗೈ ಎತ್ತಿದೆ. ಗೇಟಿನ ಕಡೆಯ ಸ್ಪೀಕರ್ ಚಾಲೂ ಇರಲಿ ಎಂದು. ಅಷ್ಟರಲ್ಲಿ ಕಟ್ಟೆಯ ಮೇಲಿಂದಲೇ ಅವಳು, "ಜೋರಾಗಿ ಕೂಗು ಕಣಪ್ಪ. ಬಲು ದೂರದಲ್ಲವ್ನೆ" ಎಂದಳು.

ಆ ದಿನ ಮೊದಲ ಹೆಸರಾಗಿ ಅದನ್ನೇ ಕೂಗಿದೆ. "ಲಾನ್ಸ್ ನಾಯಕ್ ಮಹದೇವಸ್ವಾಮಿ. ಹಂಗಳ." ಸಾಹೇಬರು ಇದು ಬಸ್ ಸ್ಟ್ಯಾಂಡ್ ಅಲ್ಲ ಎಂದಿದ್ದರು. ಇರಲಿ. ನಮ್ಮಪ್ಪ ಬಿಟ್ಟುಹೋದ ಗಂಟಲನ್ನು ಅವತ್ತು ಒಂದಿಷ್ಟೂ ಉಳಿಸಿಕೊಳ್ಳದೆ ಕೂಗಿದೆ. ಸಂತೆಯ ಆ ತುದಿಗಲ್ಲ, ಹಿಮದ ಬೆಟ್ಟದ ಆ ತುದಿಗೆ ಮುಟ್ಟಬೇಕಿತ್ತು. ಅವನು ಎದ್ದು, ನಡೆದು, ಇಷ್ಟು ದೂರ ಬರಲು ಬೇಕಾದಷ್ಟು ಹೊತ್ತು ಕೊಟ್ಟೆ. ಆಮೇಲೆ ಉಳಿದವರನ್ನೂ ಒಬ್ಬೊಬ್ಬರಾಗಿ ಕರೆದೆ.

ಬ್ಯೂಗಲ್ ಮೊಳಗಿತು. ಎರಡು ನಿಮಿಷದ ಮೌನ. ನಂಜಮ್ಮಣ್ಣಿ ಬಾಗಿಲು ಎಳೆದುಕೊಳ್ಳುವವಳ ಹಾಗೆ ಎಲೆಗೆ ಬೆನ್ನು ತಿರುಗಿಸಿ ನಿಂತಳು. ಅವಳನ್ನು ನೋಡಿ ಚೈತ್ರಳೂ ಗೌರಮ್ಮನೂ ತಿರುಗಿದರು. ಮೊದಲ ಸಾಲಿನಲ್ಲಿದ್ದ ಒಬ್ಬ ತಾಯಿ, ಅವಳ ಪಕ್ಕದವಳು, ಹಳೆಯ ಸೈನಿಕರು, ಹೀಗೆ ಒಬ್ಬೊಬ್ಬರೇ ಸ್ಮಾರಕಕ್ಕೆ ಬೆನ್ನು ಹಾಕಿದರು. ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಣ್ಣುವವರನ್ನು ನೋಡಬಾರದು.

ಎರಡು ನಿಮಿಷ ಕಳೆಯಿತು. ಅಧಿಕಾರಿ ಗಡಿಯಾರ ನೋಡಿ ನನ್ನ ಕಡೆ ನೋಡಿದರು. ಬ್ಯೂಗಲ್‌ನವನು ಮತ್ತೆ ಊದಲು ನನ್ನ ಸನ್ನೆಗೆ ಕಾದಿದ್ದ. ನಾನು ಕೈ ಎತ್ತಲಿಲ್ಲ. ನಿಮಿಷ ಮೂರಾಯಿತು, ನಾಲ್ಕಾಯಿತು. ಸೋನೆ ನಿಂತಿತ್ತು. ಯಾರೂ ಕೆಮ್ಮಲಿಲ್ಲ.

ಆಮೇಲೆ ನಂಜಮ್ಮಣ್ಣಿ ಮೆಲ್ಲಗೆ ತಿರುಗಿ ಎಲೆ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ತಲೆ ಆಡಿಸಿದಳು.

"ಉಂಡ ಕಣಪ್ಪ" ಎಂದಳು.

ನಾನು ಬ್ಯೂಗಲ್‌ನವನಿಗೆ ಕೈ ಎತ್ತಿದೆ.